ಸಂಘದ ಹೆಣ ಹೊತ್ತ ಕಸೂಬಾ

ಕಸೂಬಾ ಬೆಂಬಾ ಕುಲದವಳು. ಚಿಪಾಟಾ ಪಟ್ಟಣದ ಪಕ್ಕದ ನಮ್ಮ ಅಂಗೋನಿ ಕುಲದವರ ಊರಿಗೆ ಸೊಸೆಯಾಗಿ ಬಂದ ದಿನವೇ ನಮ್ಮನ್ನು ಇಲಿ ತಿನ್ನೋರು ಎಂದು ಆಡಿಕೊಂಡಳು. ನಾವು ಬಿಡುತ್ತೇವೆಯೆ? ಕೋತಿ ತಿನ್ನೋಳು ಎಂದೆವು. ಎರಡೂ ಕುಲಗಳ ನಡುವೆ ಅಜ್ಜಂದಿರ ಕಾಲದ ಸಲಿಗೆ ಅದು. ನಮ್ಮಲ್ಲಿ ಸಾವಾದರೆ ಬೆಂಬಾದವರದೇ ದರ್ಬಾರು. ಸತ್ತವರನ್ನು ಅಣಕಿಸುತ್ತಾರೆ, ಮನೆಯ ಸಾಮಾನು ಕಸಿದುಕೊಂಡು ದುಡ್ಡು ಕೊಟ್ಟು ಬಿಡಿಸಿಕೊಳ್ಳಿ ಎನ್ನುತ್ತಾರೆ. ಸಿಟ್ಟು ಮಾಡಿದವರದೇ ಮಾನ ಹೋಗುತ್ತದೆ.

ಪ್ರತಿ ಗುರುವಾರ ಮಾವಿನ ಮರದಡಿ ನಮ್ಮ ತಾಯಂದಿರ ಸಂಘ ಸೇರುತ್ತಿತ್ತು. ಶೇಂಗಾ ಕುಟ್ಟಿ ಮಕ್ಕಳಿಗೆ ಗಂಜಿ ಕಾಯಿಸುತ್ತ, ಮಕ್ಕಳ ಹಟ, ಜ್ವರ, ಗಂಡಂದಿರ ಸೋಮಾರಿತನ ಎಲ್ಲ ಮಾತಾಡುತ್ತಿದ್ದೆವು. ಪಟ್ಟಣದವರು ಸಂಘಕ್ಕೆ ಬಂದವರಿಗೆ ಸೋಪು ಹಂಚುವುದು ನಿಲ್ಲಿಸಿದ್ದೇ ತಡ, ಒಬ್ಬೊಬ್ಬರೇ ಕಂಬಿ ಕಿತ್ತರು. ಮುಂದಾಳು ತೆಂಬೋ ಅಜ್ಜಿಗೆ ಸೊಂಟನೋವಂತೆ. ಸಂತೆಗೆ ನಡೆಯುವಾಗ ಆ ನೋವು ಎಲ್ಲಿರುತ್ತಿತ್ತೋ! ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಉಳಿದವರು ನಾನು, ಕಸೂಬಾ, ಎನೆಲೆಸ್. ಎನೆಲೆಸ್ ಇನ್ನೂ ಹುಡುಗಿ, ಕಂಕುಳಲ್ಲಿ ಅವಳಿ ಮಕ್ಕಳು, ಗಂಡ ದೂರದ ಗಣಿಯಲ್ಲಿ.

"ಎರಡೂ ಒಟ್ಟಿಗೇ ಅಳುತ್ವೆ ಅಕ್ಕಾ. ಈ ಗುರುವಾರದ ಸಂಘಾನೂ ನಿಂತ್ರೆ, ಒಂದಿನ ಇವನ್ನ ಬಿಟ್ಟು ಎಲ್ಲಿಗಾದ್ರೂ ಓಡಿಹೋಗ್ತೀನಿ," ಎಂದಳು. ನನಗೆ ಭಯವಾಯಿತು.

ಕಸೂಬಾ ಗಂಜಿಯ ಪಾತ್ರೆಯನ್ನೇ ದಿಟ್ಟಿಸಿದಳು. ಅವಳು ಹಾಗೆ ದಿಟ್ಟಿಸಿದಳೆಂದರೆ ಊರಿಗೆ ಗ್ರಹಚಾರ ಎಂದೇ ಲೆಕ್ಕ.

ಮುಂದಿನ ಗುರುವಾರ ಗಂಡನ ಕೋಟನ್ನು ಹಿಂದುಮುಂದಾಗಿ ತೊಟ್ಟು, ಮುಖಕ್ಕೆ ಬೂದಿ ಬಳಿದು, ಗಂಜಿಯ ಪಾತ್ರೆಗೆ ಹೆಣದಂತೆ ಬಟ್ಟೆ ಸುತ್ತಿ ತಲೆಯ ಮೇಲೆ ಹೊತ್ತು ತೆಂಬೋ ಅಜ್ಜಿಯ ಬಾಗಿಲಿಗೆ ಬಂದಳು.

"ಅಯ್ಯಯ್ಯೋ, ಸಂಘ ಸತ್ತೋಯ್ತಲ್ಲಪ್ಪೋ! ಸೋಪು ಬಂದಾಗ ನೆಟ್ಟಗಿತ್ತು, ಸೋಪು ನಿಂತ ಕೂಡ್ಲೇ ಸೊಂಟ ಮುರೀತಲ್ಲಪ್ಪೋ!" ಎನ್ನುತ್ತ ಸೊಂಟ ಹಿಡಿದು ಅಜ್ಜಿಯ ಹಾಗೇ ಕುಂಟಿದಳು. ಬೀದಿಯೆಲ್ಲ ನೆರೆದು ನಕ್ಕಿತು.

"ಕೋತಿ ತಿನ್ನೋಳೇ, ಯಾರೇ ಸತ್ತಿದ್ದು?" ಅಜ್ಜಿ ಗದರಿದಳು.

"ಕೊಂದೋಳೇ ಕೇಳ್ತಾಳಲ್ಲಪ್ಪೋ! ಇಲಿ ತಿನ್ನೋಳೇ, ಸಾವಿನ ಮನೆ ಸೊತ್ತು ನಂದು!" ಎಂದವಳೇ ಅಜ್ಜಿಯ ಮೊಮ್ಮಗಳನ್ನು ಎತ್ತಿ ಬೆನ್ನಿಗೆ ಕಟ್ಟಿಕೊಂಡಳು. "ಬಿಡಿಸ್ಕೋಬೇಕಾದ್ರೆ ಮರದಡಿಗೆ ಬಾ."

ಹೀಗೇ ಮನೆಮನೆಗೆ ನುಗ್ಗಿದಳು. ಸಿಕ್ಕ ಕೂಸುಗಳನ್ನು ನಾನೂ ಹೊತ್ತೆ, ಸುಳ್ಳೇಕೆ, ಬಹಳ ಖುಷಿಯಿಂದಲೇ ಹೊತ್ತೆ. ಬೈಯುತ್ತ, ನಗುತ್ತ ತಾಯಂದಿರೆಲ್ಲ ಹಿಂದೆ ಬಂದರು.

ಮರದಡಿ ಕಸೂಬಾ ತೀರ್ಪು ಕೊಟ್ಟಳು: "ಗಂಜಿ ಬೇಯೋ ತನಕ ಪ್ರತಿಯೊಬ್ಬಳೂ ಬೇರೆಯವಳ ಮಗು ಎತ್ಕೋಬೇಕು. ಆಮೇಲೇ ನಿಮ್ಮದು ನಿಮಗೆ."

ಎನೆಲೆಸ್‌ಳ ಒಂದು ಕೂಸು ನನ್ನ ಮಡಿಲಿಗೆ ಬಂತು, ಇನ್ನೊಂದು ಗೊಣಗುತ್ತಿದ್ದ ತೆಂಬೋ ಅಜ್ಜಿಯ ಮಡಿಲಿಗೆ. ಎನೆಲೆಸ್ ತನ್ನ ಬರಿಗೈಗಳನ್ನೇ ನೋಡಿಕೊಂಡಳು. ಆಮೇಲೆ ಮರಕ್ಕೆ ಒರಗಿದಳು. ಗಂಜಿ ಕುದಿಯುವ ಮೊದಲೇ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.

ಗಂಜಿ ಬೆಂದಿತು, ಮಕ್ಕಳು ಉಂಡವು. ಕಸೂಬಾ ಮತ್ತೆ ರಾಗ ತೆಗೆದಳು, "ಸೆರೆ ಬಿಟ್ಟೆ, ನಿಮ್ಮ ನಿಮ್ಮ ಮಕ್ಕಳನ್ನ ತಗೊಂಡು ಹೋಗ್ರಪ್ಪೋ!"

ತೆಂಬೋ ಅಜ್ಜಿ ಅವಳ ಬಾಯನ್ನು ಗಪ್ಪನೆ ಮುಚ್ಚಿದಳು. ಅಜ್ಜಿಯ ತೋಳಲ್ಲಿ ಕೂಸು ನಿದ್ದೆ ಹೋಗಿತ್ತು.

"ಬಾಯ್ಮುಚ್ಚೇ ಕೋತಿ," ಎಂದು ಪಿಸುಗುಟ್ಟಿದಳು. "ಎನೆಲೆಸ್ ಮಲಗಿದಾಳೆ. ನನ್ನ ಮೊಮ್ಮಗಳನ್ನ ಇನ್ನಷ್ಟು ಹೊತ್ತು ನೀನೇ ಇಟ್ಕೋ."