ರಿವರ್ಸ್ ಬಾರದವನ ಸಮುದ್ರಯಾನ

ಮದುವೆಯಾಗಿ ಆರು ವರ್ಷ ನನ್ನ ಹೆಂಡತಿ ನನ್ನನ್ನು ಏನೂ ಕೇಳಿರಲಿಲ್ಲ. ಕೇಳಿದ್ದು ಒಂದೇ ಸಲ, ಒಂದೇ ವಿಷಯ. ಕುವೈತಿನ ಬ್ನೇದ್ ಅಲ್ ಗಾರ್‌ನಲ್ಲಿ ನಮ್ಮ ಎರಡು ಕೋಣೆಯ ಮನೆ. ಬಟ್ಟೆ ಒಣಗಿಸಲು ತಾರಸಿಗೆ ಹೋದರೆ ಕಟ್ಟಡಗಳ ನಡುವೆ ಒಂದು ತುಂಡು ಸಮುದ್ರ ಕಾಣುತ್ತಿತ್ತು. ಅವಳು ಹಾಸನದ ಬಸ್ ಡಿಪೋದ ಹಿಂದಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಕಂಡಕ್ಟರ್ ಮಗಳು. ಸಮುದ್ರವನ್ನು ಮೊದಲು ನೋಡಿದ್ದೇ ಆ ತಾರಸಿಯಿಂದ.

"ಇದರ ಮೇಲೆ ಒಂದ್ಸಲ ಹೋಗ್ಬೇಕು ರೀ. ಇಬ್ರೂ. ಆ ಕಡೆ ಏನಿದ್ಯೋ ನೋಡ್ಕೊಂಡು ಬರೋಣ" ಎಂದಳು.

"ಆ ಕಡೆ ಇರಾನ್ ಇದೆ" ಎಂದೆ ನಾನು.

ಕೇಳಿದ್ದಕ್ಕೆ ಉತ್ತರ ಕೊಟ್ಟು ಮಾತು ಮುಗಿಸಿಬಿಡುವುದು ನನ್ನ ಚಾಳಿ. ಶುವೈಖ್‌ನ ಒಂದು ಗೋದಾಮಿನಲ್ಲಿ ಲಾರಿಗಳ ಬಿಡಿಭಾಗಗಳ ಸ್ಟೋರ್‌ಕೀಪರ್ ಆಗಿದ್ದವನು. ಯಾರು ಏನು ಕೇಳಿದರೂ ಇದೆ ಅಥವಾ ಇಲ್ಲ ಎಂದರೆ ನನ್ನ ಕೆಲಸ ಆಯಿತು. ಅವಳು ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದಳು. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಲಿಲ್ಲವಾದ್ದರಿಂದ ಅದು ನನ್ನ ತಲೆಯಲ್ಲಿ ಉಳಿಯಿತು.

ಅವಳು ತೀರಿಹೋಗಿ ಈಗ ಎರಡು ತಿಂಗಳು. ಬರೆಯುವ ಅಭ್ಯಾಸ ನನಗಿಲ್ಲ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದ ಕಾರಣ ಬರೆಯುತ್ತಿದ್ದೇನೆ. ಅಲ್ಲದೆ ಈ ವಿಷಯದಲ್ಲಿ ನಾನು ಬಹಳ ವರ್ಷ ಬಹಳ ಜನಕ್ಕೆ ಸುಳ್ಳು ಹೇಳಿದ್ದೇನೆ.

ಆಗ ಇರಾನಿನಲ್ಲಿ ಕ್ರಾಂತಿಯ ಗಲಾಟೆ ಶುರುವಾಗಿರಲಿಲ್ಲ. ವಾರಕ್ಕೊಮ್ಮೆ ಶುವೈಖ್ ಬಂದರಿನಿಂದ ಆಚೆ ದಡಕ್ಕೆ ಒಂದು ಹಡಗು ಹೋಗುತ್ತಿತ್ತು. ಹೊಟ್ಟೆಯಲ್ಲಿ ಲಾರಿ, ಕಾರುಗಳನ್ನು ತುಂಬಿಕೊಂಡು, ಜನರನ್ನು ಮೇಲೆ ಕೂರಿಸಿಕೊಂಡು ಬೆಳಿಗ್ಗೆ ಹೊರಟರೆ ಸಂಜೆಗೆ ಮುಟ್ಟುತ್ತಿತ್ತು. ಹೋಗಿಬರುವುದು ಕಷ್ಟವಲ್ಲ. ಊಟದ್ದೇ ಕಷ್ಟ. ಅವಳು ಹೊರಗೆ ಏನೂ ತಿನ್ನುವವಳಲ್ಲ. ಮಾಂಸ ಬೇಯಿಸಿದ ಪಾತ್ರೆಯಲ್ಲಿ ಕಾಸಿದ ನೀರನ್ನೂ ಕುಡಿಯುವವಳಲ್ಲ. ಅಷ್ಟರಲ್ಲಿ ಅಹ್ಮದಿಯಲ್ಲಿದ್ದ ಒಬ್ಬ ಇಂಗ್ಲಿಷ್ ಎಂಜಿನಿಯರ್ ಊರು ಬಿಡುತ್ತಿದ್ದಾನೆ, ತನ್ನ ಮೋಟಾರ್‌ಹೋಮ್ ಮಾರುತ್ತಿದ್ದಾನೆ ಎಂದು ತಿಳಿಯಿತು. ವ್ಯಾನಿನ ಮೇಲೆ ಒಂದು ಪೆಟ್ಟಿಗೆ ಕೂರಿಸಿದಂತಿದ್ದ ಗಾಡಿ. ಒಳಗೆ ಮಂಚ, ಗ್ಯಾಸ್ ಒಲೆ, ಕೈತೊಳೆಯುವ ಬೋಗುಣಿ, ಒಂದು ಸಣ್ಣ ಕಕ್ಕಸು. ಕೊಂಡೆ. ಅಡುಗೆಮನೆಯನ್ನೇ ಸಮುದ್ರ ದಾಟಿಸುವುದು ನನ್ನ ಯೋಜನೆ.

ಎದುರುಮನೆಯವರು ಕುಂದಾಪುರದವರು, ಒಂದು ಕಂಪನಿಯ ಲೆಕ್ಕಪತ್ರ ನೋಡುತ್ತಿದ್ದರು. ಗಾಡಿಯ ಸುತ್ತ ಒಂದು ಸುತ್ತು ಬಂದು ಕೇಳಿದರು, "ಇದು ಬಸ್ಸಾ, ಮನೆಯಾ ಮಾರಾಯ್ರೆ?"

"ಎರಡೂ."

"ಹಾಗಾದ್ರೆ ಮನೆಯವರ ಹತ್ರ ಟಿಕೆಟ್ ತೆಗೀತೀರಾ, ಬಾಡಿಗೆ ತೆಗೀತೀರಾ?"

ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಮೊದಲು ಓಡಿಸ್ಲಿ ಬಿಡಿ, ಆಮೇಲೆ ಕೊಡೋಣ" ಎಂದಳು.

ಅವಳ ಮಾತಿನಲ್ಲಿ ಅರ್ಥವಿತ್ತು. ನನಗೆ ಗಾಡಿಯನ್ನು ಮುಂದಕ್ಕೆ ಓಡಿಸಲು ಬರುತ್ತಿತ್ತು. ಹಿಂದಕ್ಕೆ ಬರುತ್ತಿರಲಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ನಾಲ್ಕು ಸಲ ರಿವರ್ಸಿನಲ್ಲೇ ಫೇಲಾದೆ. ಐದನೇ ಸಲ ರಿವರ್ಸ್ ಶುರುಮಾಡುವ ಹೊತ್ತಿಗೆ ಪರೀಕ್ಷೆ ಮಾಡುವವನಿಗೆ ಯಾರೋ ಚಹಾ ತಂದುಕೊಟ್ಟರು. ಅವನು ಆ ಕಡೆ ತಿರುಗಿದ, ನಾನು ಪಾಸಾದೆ. ಅಲ್ಲಿಂದ ಮುಂದೆ ರಿವರ್ಸ್ ಬೇಡದ ಬದುಕನ್ನು ಕಟ್ಟಿಕೊಂಡಿದ್ದೆ. ಬಯಲಿನಲ್ಲೇ ನಿಲ್ಲಿಸುವುದು, ಸುತ್ತಿ ಬರುವುದು, ಓಣಿಯ ಕೊನೆಯ ಅಂಗಡಿಯಲ್ಲಿ ಸಾಮಾನು ಚೆನ್ನಾಗಿಲ್ಲ ಎಂದು ಹೇಳಿ ಆ ಓಣಿಗೇ ಹೋಗದಿರುವುದು.

ಹೊರಡುವ ವಾರ ಅವಳು ಗಾಡಿಗೆ ಸಾಮಾನು ತುಂಬಿದಳು. ಕಕ್ಕಸು ನೋಡಿ ಮುಖ ಸಿಂಡರಿಸಿದಳು. ಒಲೆಗೂ ಅದಕ್ಕೂ ನಡುವೆ ಒಂದು ಹಲಗೆ ಅಷ್ಟೆ.

"ಅಡುಗೆ ಮಾಡೋ ಕಡೆ ಇದೇನ್ರೀ ಅಸಹ್ಯ? ಯಾರೂ ಇದಕ್ಕೆ ಹೋಗಕೂಡದು" ಎಂದು ಅದನ್ನು ಡೆಟಾಲ್ ಹಾಕಿ ಮೂರು ಸಲ ತೊಳೆದು, ಮುಚ್ಚಳ ಮುಚ್ಚಿ, ಮೇಲೆ ಅಕ್ಕಿ ಚೀಲ, ಅದರ ಮೇಲೆ ತೆಂಗಿನಕಾಯಿ ಇಟ್ಟು ಉಗ್ರಾಣ ಮಾಡಿದಳು. ಹತ್ತು ದಿನದ ರಜೆಗೆ ಇಪ್ಪತ್ತು ಕೆಜಿ ಅಕ್ಕಿ. ಮೊದಲ ಎರಡು ದಿನಕ್ಕೆಂದು ಒಂದು ದೊಡ್ಡ ಡಬ್ಬಿ ಪುಳಿಯೋಗರೆ ಬೇರೆ. ನನ್ನ ವೀಸಾಕ್ಕೆ ಹೊಣೆಯಾಗಿದ್ದ ಕುವೈತಿ ಧಣಿ, ಅಂದರೆ ಕಫೀಲ್, ಗಾಡಿಯನ್ನು ದೇಶದಿಂದ ಹೊರಗೆ ಒಯ್ಯಲು ಒಪ್ಪಿಗೆಯ ಕಾಗದ ಕೊಡುವಾಗ, ವಾಪಸ್ ಬರುತ್ತೀಯಷ್ಟೆ ಎಂದು ಎರಡು ಸಲ ಕೇಳಿದ. ನನಗೂ ಸಂಶಯವಿತ್ತು.

ಬೆಳಿಗ್ಗೆ ಆರಕ್ಕೆ ಬಂದರಿನಲ್ಲಿ ಸಾಲು ನಿಂತೆವು. ನಮ್ಮ ಮುಂದಿನ ಲಾರಿ ಸರದಿ ಬಂದಾಗ ಮುಂದೆ ಹೋಗಿ, ತಿರುಗಿ, ನಮಗೆ ಮುಖ ಮಾಡಿ, ಹಿಂದಕ್ಕೆ ಹಿಂದಕ್ಕೆ ಹಡಗಿನ ಬಾಯೊಳಗೆ ಹೋಯಿತು. ಅದರ ಡ್ರೈವರಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಎರಡನೆಯದೂ ಹಾಗೇ ಹೋಯಿತು. ಮೂರನೆಯದೂ ಹಾಗೇ ಹೋದಾಗ ವಿಷಯ ತಿಳಿಯಿತು. ಆ ಹಡಗಿಗೆ ಇದ್ದದ್ದು ಒಂದೇ ಬಾಗಿಲು. ಆ ದಡದಲ್ಲಿ ಮುಖ ಮುಂದಾಗಿ ಇಳಿಯಬೇಕಾದರೆ ಈ ದಡದಲ್ಲಿ ಬೆನ್ನು ಮುಂದಾಗಿ ಹತ್ತಬೇಕು. ಟಿಕೆಟ್ ಕೊಟ್ಟವನು ಇದನ್ನು ಹೇಳಿರಲಿಲ್ಲ. ಹೇಳುವಂಥ ವಿಷಯ ಎಂದು ಅವನಿಗೆ ಅನ್ನಿಸಿರಲಾರದು.

ಗಾಡಿಗಳನ್ನು ಒಳಗೆ ಬಿಡುತ್ತಿದ್ದ ಮೇಸ್ತ್ರಿ ನನಗೆ ಕೈ ಬೀಸಿದ. "ಯಲ್ಲಾ, ಯಲ್ಲಾ."

ನಾನು ತಿರುಗಿಸಿ ರಿವರ್ಸ್ ಹಾಕಿದೆ. ಗಾಡಿ ಹಡಗು ಬಿಟ್ಟು ಸಮುದ್ರದ ಕಡೆ ಹೊರಟಿತು. ಮುಂದೆ ತಂದು ಮತ್ತೆ ಹಾಕಿದೆ. ಈ ಸಲ ಒಂದು ಕಂಬದ ಕಡೆ ಹೊರಟಿತು. ಅವನು ಕೈಯಲ್ಲಿ ಏನೇನೋ ಸನ್ನೆ ಮಾಡುತ್ತಿದ್ದ. ಕನ್ನಡಿಯಲ್ಲಿ ಅವನ ಬಲ ಯಾವುದು ನನ್ನ ಎಡ ಯಾವುದು ಎಂದು ಲೆಕ್ಕ ಹಾಕುವಷ್ಟರಲ್ಲಿ ಸನ್ನೆ ಬದಲಾಗುತ್ತಿತ್ತು. ಮೂರನೇ ಸಲ ಬ್ರೇಕ್ ಒತ್ತಿದ ರಭಸಕ್ಕೆ ಒಳಗೆ ಉಪ್ಪಿನಕಾಯಿ ಭರಣಿ ಉರುಳಿದ ಸದ್ದು ಕೇಳಿಸಿತು. ಹಿಂದಿನ ಲಾರಿಯಿಂದ ಒಬ್ಬ ಪಠಾಣ ಡ್ರೈವರ್ ಇಳಿದು ಬಂದು ಕಿಟಕಿಯಲ್ಲಿ ಕೈ ಚಾಚಿದ.

"ಭಾಯಿ, ಚಾಬಿ ದೋ. ಮೈ ಲಗಾ ದೇತಾ ಹೂಂ."

ಬುದ್ಧಿ ಇದ್ದವನು ಕೊಡುತ್ತಿದ್ದ. ಬೇಡ, ಎಂಜಿನ್ ಸ್ವಲ್ಪ ತಣ್ಣಗಿದೆ, ಬಿಸಿಯಾದರೆ ಸರಿಹೋಗುತ್ತದೆ ಎಂದೆ. ಅವನು ನನ್ನನ್ನೂ ಗಾಡಿಯನ್ನೂ ನೋಡಿ ವಾಪಸ್ ಹೋದ. ಮೇಸ್ತ್ರಿ ಪಕ್ಕಕ್ಕೆ ಹೋಗು ಎಂದು ತೋರಿಸಿದ. "ಖಲಾಸ್." ಕೊನೆಗೆ ಜಾಗ ಉಳಿದರೆ ನೋಡುವುದು, ಇಲ್ಲದಿದ್ದರೆ ಮುಂದಿನ ವಾರ. ಮುಂದಿನ ವಾರಕ್ಕೆ ನನ್ನ ರಜೆ ಮುಗಿಯುತ್ತಿತ್ತು. ಮುಂದಿನ ವರ್ಷದ ರಜೆ ಊರಿಗೆ. ಅದರ ಮುಂದಿನದನ್ನು ಯೋಚಿಸುವ ಧೈರ್ಯವಾಗಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಅವಳ ಕಡೆ ತಿರುಗಲಿಲ್ಲ.

ಬಾಗಿಲು ತೆರೆದ ಸದ್ದಾಯಿತು. ಅವಳು ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಸ್ತ್ರಿಯ ಮುಂದೆ ಅಂಗೈ ತೋರಿಸಿದಳು. "ಒಂದ್ ನಿಮಿಷ ತಡೀರಿ." ಕನ್ನಡ ಅವನಿಗೆಲ್ಲಿ ಬರಬೇಕು. ಆದರೂ ತಡೆದ. ಅವಳು ಗಾಡಿಯ ಹಿಂದೆ ಹೋಗಿ ತಗಡಿನ ಮೇಲೆ ಅಂಗೈಯಿಂದ ಬಡಿದಳು. ಡಬ್ ಡಬ್.

"ಬರ್ಲಿ."

ನಮ್ಮ ಕಡೆ ಬಸ್ಸಿನಲ್ಲಿ ಓಡಾಡಿದವರಿಗೆ ಆ ಬಡಿತವನ್ನು ವಿವರಿಸಬೇಕಿಲ್ಲ. ಎರಡು ಬಡಿದರೆ ಹೋಗು, ಒಂದು ಬಡಿದರೆ ನಿಲ್ಲು. ಸಂತೆಯ ದಿನ ಗಿಜಿಗುಡುವ ನಿಲ್ದಾಣದಲ್ಲಿ ಕಂಡಕ್ಟರ್ ಹೀಗೆಯೇ ಬಸ್ಸನ್ನು ಹಿಂದಕ್ಕೆ ತೆಗೆಸುತ್ತಾನೆ. ನನಗೆ ಕನ್ನಡಿ ಬೇಕಾಗಲಿಲ್ಲ, ಕೈಸನ್ನೆ ಬೇಕಾಗಲಿಲ್ಲ. "ಬರ್ಲಿ, ಬರ್ಲಿ... ಎಡಕ್ಕೆ ಕಟ್ ಮಾಡ್ರಿ... ಸಾಕು, ಸೀದಾ... ಬರ್ಲಿ." ಕಬ್ಬಿಣದ ಇಳಿಜಾರಿನ ಮೇಲೆ ಚಕ್ರ ಹತ್ತಿದ್ದು ಗೊತ್ತಾಯಿತು. ಒಳಗಿನ ಕತ್ತಲೆ ಬಂತು. ಅವಳ ದನಿ ಗೋಡೆಗಳಿಗೆ ತಾಗಿ ದೊಡ್ಡದಾಯಿತು. ಕೊನೆಗೆ ಒಂದೇ ಬಡಿತ.

"ಹೋಲ್ಡಾನ್."

ನಿಲ್ಲಿಸಿದೆ. ಬಲಬದಿಯ ಕಬ್ಬಿಣದ ಗೋಡೆಗೂ ಗಾಡಿಗೂ ನಡುವೆ ನಾಲ್ಕು ಬೆರಳಿನ ಜಾಗ. ಡಿಪೋದಲ್ಲಿ ಬಸ್ಸುಗಳನ್ನು ಹಾಗೇ ಒತ್ತೊತ್ತಾಗಿ ನಿಲ್ಲಿಸುತ್ತಾರೆ, ಇಲ್ಲದಿದ್ದರೆ ಹಿಡಿಸುವುದಿಲ್ಲ. ಅವಳಿಗೆ ಗೊತ್ತಿದ್ದದ್ದು ಆ ಪದ್ಧತಿ. ಮೇಸ್ತ್ರಿ ಜಾಗ ನೋಡಿ ಖುಷಿಯಾಗಿ ಅವಳಿಗೆ ಸಲಾಂ ಹೊಡೆದ.

"ಬೇಗ ಬನ್ರೀ, ಮೇಲೆ ಒಳ್ಳೆ ಜಾಗ ಹಿಡೀತೀನಿ" ಎಂದು ಹೇಳಿ ಅವಳು ಮೆಟ್ಟಿಲ ಕಡೆ ನಡೆದಳು. ಓಡಿದಳು ಎಂದರೂ ಸರಿಯೇ.

ನಾನು ಡ್ರೈವರ್ ಬದಿಯ ಎಡಬಾಗಿಲಿನಿಂದ ಇಳಿದು ಅವಳ ಹಿಂದೆಯೇ ಹೋಗಬೇಕಿತ್ತು. ಆದರೆ ಉಪ್ಪಿನಕಾಯಿ ಎಣ್ಣೆ ನೆಲದ ಮೇಲೆ ಹರಿಯುತ್ತಿತ್ತು. ಹಾಸಿಗೆಗೆ ತಾಗಿದರೆ ಬೈಸಿಕೊಳ್ಳಬೇಕಲ್ಲ ಎಂದು ಸೀಟಿನ ನಡುವೆ ನುಸುಳಿ ಒಳಗೆ ಹೋಗಿ ಒರೆಸಲು ಕೂತೆ. ಒರೆಸಿ ಎದ್ದಾಗ ಎಡಕ್ಕೆ ಪಠಾಣನ ಲಾರಿ ಬಂದು ನಿಂತಿತ್ತು. ಮುಂದೆ ಇನ್ನೊಂದು. ಎಡಬಾಗಿಲು ಒಂದು ಗೇಣು ತೆರೆಯುತ್ತಿತ್ತು. ಬಲಬಾಗಿಲು ನಾಲ್ಕು ಬೆರಳು, ಹಿಂದಿನ ಪೆಟ್ಟಿಗೆಯ ಬಾಗಿಲೂ ಅದೇ ಗೋಡೆಯ ಬದಿಗೆ. ಕಿಟಕಿಯಲ್ಲಿ ತಲೆ ಹೋಗುತ್ತಿತ್ತು, ಭುಜ ಹೋಗುತ್ತಿರಲಿಲ್ಲ. ಆರು ವರ್ಷ ಅವಳ ಕೈ ಅಡುಗೆ ತಿಂದಿದ್ದೆ.

ಕೂಗಿದೆ. ಹಡಗಿನ ಎಂಜಿನ್ ಶುರುವಾಗಿತ್ತು. ಸರಪಳಿ ಬಿಗಿಯುತ್ತಿದ್ದ ಒಬ್ಬ ಕೆಲಸದವನು ಲಾರಿಗಳ ಸಂದಿಯಿಂದ ಇಣುಕಿ, ನನ್ನ ತಲೆ ಮಾತ್ರ ಹೊರಗಿರುವುದನ್ನು ನೋಡಿ, ಪರವಾಗಿಲ್ಲ ಎಂಬಂತೆ ಕೈ ಆಡಿಸಿ ಮೇಲೆ ಹೋಗಿಬಿಟ್ಟ. ದೊಡ್ಡ ಬಾಗಿಲು ಮುಚ್ಚಿತು.

ಹೀಗೆ ನಾನು ಸಮುದ್ರ ದಾಟಿದೆ. ಹತ್ತು ಗಂಟೆ. ಮುಂದಿನ ಗಾಜಿನಲ್ಲಿ ಒಂದು ಲಾರಿಯ ಹಿಂಭಾಗ, ಪಕ್ಕದಲ್ಲಿ ಇನ್ನೊಂದರ ಟಾರ್ಪಾಲು. ಮೊದಲ ಗಂಟೆ ಸಿಟ್ಟು ಮಾಡಿಕೊಂಡೆ. ಎರಡನೇ ಗಂಟೆ ನಿದ್ದೆ ಮಾಡಿದೆ. ಆಮೇಲೆ ಅನಿವಾರ್ಯವಾಗಿ ತೆಂಗಿನಕಾಯಿಗಳನ್ನು ಮಂಚಕ್ಕೆ ಸಾಗಿಸಿ, ಅಕ್ಕಿ ಚೀಲ ಎಳೆದು, ಅವಳು ತೊಳೆದಿಟ್ಟ ಉಗ್ರಾಣವನ್ನು ಅದರ ಮೂಲ ಉದ್ದೇಶಕ್ಕೆ ಬಳಸಿದೆ. ಎಲ್ಲವನ್ನೂ ಮತ್ತೆ ಹಾಗೇ ಜೋಡಿಸಿಟ್ಟೆ. ಈ ಸಂಗತಿ ಅವಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮಧ್ಯಾಹ್ನ ಹೊತ್ತು ಹೋಗದೆ ಪುಳಿಯೋಗರೆ ಡಬ್ಬಿ ತೆಗೆದೆ. ಒಂದು ಹಿಡಿ ತಿಂದು ಮುಚ್ಚಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ತೆಗೆದೆ. ಸಂಜೆ ಹಡಗು ನಿಲ್ಲುವ ಹೊತ್ತಿಗೆ ತಳದಲ್ಲಿ ಎರಡು ಕಡಲೆಬೀಜ ಉಳಿದಿದ್ದವು.

ಲಾರಿಗಳು ಇಳಿದ ಮೇಲೆ ಅವಳು ಬಂದು ಹತ್ತಿದಳು. ಮುಖ ಬಿಸಿಲಿಗೆ ಕೆಂಪಾಗಿತ್ತು, ತಲೆ ಕೆದರಿತ್ತು. ನನ್ನ ಕಥೆ ಕೇಳಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೆಳಗೆ ಇಳಿಯಲು ಯಾರೂ ಬಿಡಲಿಲ್ಲವಂತೆ. ಹಸಿವಿಗೆ ಏನು ಮಾಡಿದೆ ಎಂದರೆ, ಆ ಪಠಾಣ ರೊಟ್ಟಿ, ಚಹಾ ಕೊಟ್ಟ, ತಿಂದೆ ಎಂದಳು. ಅವಳು ಹೊರಗಿನದನ್ನು ತಿಂದದ್ದು ನನಗೆ ತಿಳಿದಂತೆ ಅದೇ ಮೊದಲು. ಆಮೇಲೆ ನೀರಿನ ಬಗ್ಗೆ ಏನೋ ಹೇಳತೊಡಗಿದಳು. ಮಧ್ಯದಲ್ಲಿ ಒಂದು ಕಡೆ ಬಣ್ಣ ಬದಲಾಯಿತಂತೆ.

"ಆಮೇಲೆ ಹೇಳು, ಈಗ ದಾರಿ ನೋಡ್ಬೇಕು" ಎಂದೆ. ಗುಡ್ಡದ ದಾರಿ ಹಿಡಿದು ಹೊರಟೆವು.

ಹಿಂದಿರುಗುವಾಗ ನಾನು ಮೊದಲೇ ಚಾಬಿ ಬೇರೆಯವರ ಕೈಗೆ ಕೊಟ್ಟು ಮೇಲೆ ಹೋಗಿ ಕೂತೆ. ಆ ದಿನ ಧೂಳು ಮುಸುಕಿ ಹಡಗಿನ ಅಂಚಿನಾಚೆ ಏನೂ ಕಾಣಲಿಲ್ಲ. ಕಂಡಿದ್ದರೂ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ದಾರಿಯುದ್ದಕ್ಕೂ ವಾಂತಿ. ಅವಳು ನನ್ನ ಹಣೆ ಹಿಡಿದುಕೊಂಡು ಪ್ಲಾಸ್ಟಿಕ್ ಚೀಲ ಬದಲಾಯಿಸುತ್ತ ಕೂತಳು.

ಕುವೈತಿಗೆ ಬಂದ ಮೊದಲ ಶುಕ್ರವಾರ ಕುಂದಾಪುರದವರು ಕೇಳಿದರು, ಸಮುದ್ರ ಹೇಗಿತ್ತು ಅಂತ. ನನ್ನ ಬಾಯಿಂದ ನಿಜ ಬರಲಿಲ್ಲ. ಏನು ಹೇಳಲಿ ಮಾರಾಯ್ರೆ, ಕಣ್ಣು ಹಾಯಿಸಿದಷ್ಟೂ ನೀಲಿ ಎಂದು ಶುರುಮಾಡಿದೆ. ಆಮೇಲೆ ಮುಂದೆ ಏನಿಲ್ಲ, ತಡವರಿಸಿದೆ. ಅವಳು ಅಡುಗೆಮನೆಯಿಂದ ಲೋಟ ತರುತ್ತ, "ಬಿಳಿ ಹಕ್ಕಿ ಹಿಂಬಾಲಿಸ್ಕೊಂಡು ಬಂದ್ವಲ್ಲ ರೀ, ಅದು ಹೇಳಿ" ಎಂದಳು. ನಾನು ಹಕ್ಕಿಯನ್ನು ಹೇಳಿದೆ. "ಮಧ್ಯಾಹ್ನ ಮೀನು ಹಾರ್ತಿತ್ತು." ಮೀನನ್ನು ಹೇಳಿದೆ. ಅವಳು ಒಂದೊಂದು ಎಳೆ ಕೊಡುತ್ತ ಹೋದಳು, ನಾನು ಅದನ್ನು ಹಿಡಿದು ಬೆಳೆಸುತ್ತ ಹೋದೆ.

ಹಾಗೆಯೇ ನಡೆಯಿತು. ಕುವೈತಿನಲ್ಲಿದ್ದಷ್ಟು ವರ್ಷ, ಆಮೇಲೆ ಮೈಸೂರಿಗೆ ಬಂದ ಮೇಲೂ, ಹೊಸಬರು ಯಾರು ಬಂದರೂ ನನ್ನ ಸಮುದ್ರಯಾನದ ಕಥೆ. ಅವಳು ಒಂದು ಸಲವೂ ಎದುರಾಡಲಿಲ್ಲ. ಇಬ್ಬರೇ ಇದ್ದಾಗ ಆ ದಿನದ ಬಗ್ಗೆ ನಾನು ಅವಳನ್ನು ಸರಿಯಾಗಿ ಕೂರಿಸಿ ಕೇಳಿದ್ದೂ ಇಲ್ಲ. ಯಾವಾಗಲೂ ಇರುತ್ತಾಳೆ, ಬೇಕಾದಾಗ ಹೇಳಿಕೊಡುತ್ತಾಳೆ ಎಂದುಕೊಂಡಿದ್ದೆ.

ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ಮಗಳು ತನ್ನ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, "ಅಪ್ಪಾ, ಟೆಲ್ ದೆಮ್ ದ ಶಿಪ್ ಸ್ಟೋರಿ" ಎಂದಳು. ಸುತ್ತ ನೆಂಟರೆಲ್ಲ ಇದ್ದರು. ಶುರುಮಾಡಿದೆ. ಹಕ್ಕಿ ಬಂತು, ಮೀನು ಬಂತು. ಆಮೇಲೆ ನೀರಿನ ಬಣ್ಣ ಬದಲಾಗುವ ಜಾಗಕ್ಕೆ ಬಂದೆ. ಯಾವ ಬಣ್ಣದಿಂದ ಯಾವ ಬಣ್ಣಕ್ಕೆ ಎಂದು ನೆನಪಾಗಲಿಲ್ಲ. ಅಭ್ಯಾಸದಂತೆ ಅಡುಗೆಮನೆಯ ಕಡೆ ತಿರುಗಿ ಕಾದೆ.

ಆಮೇಲೆ ನಾನು, ಇದನ್ನೆಲ್ಲ ನೋಡಿದ್ದು ನಿಮ್ಮ ಅಜ್ಜಿ, ನಾನಲ್ಲ, ನಾನು ಹಡಗಿನ ಹೊಟ್ಟೆಯಲ್ಲಿ ಕೂತು ಎರಡು ದಿನದ ಪುಳಿಯೋಗರೆ ತಿನ್ನುತ್ತಿದ್ದೆ ಎಂದು ಮಕ್ಕಳಿಗೆ ಹೇಳಿದೆ. ಕಿಟಕಿಯಲ್ಲಿ ಭುಜ ಸಿಕ್ಕಿಕೊಂಡದ್ದು, ಅಕ್ಕಿ ಚೀಲ ಎಳೆದದ್ದು, ಎಲ್ಲ ಹೇಳಿದೆ. ಮೊದಲು ಮೊಮ್ಮಗಳು ನಕ್ಕಳು. ಆಮೇಲೆ ಮಗಳು ಅಳುತ್ತಲೇ ನಕ್ಕಳು.

"ಸೋ ವಾಟ್ ಡಿಡ್ ಶಿ ಸೀ, ತಾತ?" ಎಂದು ಮೊಮ್ಮಗಳು ಕೇಳಿದಳು.

ಗೊತ್ತಿಲ್ಲ ಎಂದೆ.