ಮೊದಲ ನುಡಿಯ ತವರು

ಇಳಕಲ್ಲಿನ ನಮ್ಮ ಓಣಿಗೆ ಅವರು ಚಳಿಯ ಜೊತೆಗೇ ಬರುತ್ತಿದ್ದರು: ಟಿಬೆಟ್ಟಿನ ತಾಯಿ, ಮಗಳು, ಸ್ವೆಟರಿನ ಗಂಟುಗಳು. ನಮ್ಮ ಮನೆಯ ಹೊರಗಿನ ಕೋಣೆ ಬಾಡಿಗೆಗೆ ಹಿಡಿದು, ತಾಯಿ ಬಸ್‌ಸ್ಟ್ಯಾಂಡಿನ ಬಳಿ ಸ್ವೆಟರ್ ಮಾರುತ್ತಿದ್ದಳು. ಮಗಳು ಹುಟ್ಟಿದ್ದು ಮುಂಡಗೋಡದ ನಿರಾಶ್ರಿತರ ಕ್ಯಾಂಪಿನಲ್ಲಿ. ತಾಯಿ ಬಿಟ್ಟು ಬಂದ ದೇಶವನ್ನು ಆಕೆ ಕಂಡವಳಲ್ಲ. ವಯಸ್ಸಿನಲ್ಲಿ ನನ್ನ ಓರಗೆಯವಳು.

ನನ್ನ ಅಜ್ಜಿಯನ್ನು ಓಣಿಯೆಲ್ಲ ಆಯಿ ಎನ್ನುತ್ತಿತ್ತು. ಆಯಿ ಜೋಳ ಬೀಸಲು ಕೂತರೆ ಆ ಹುಡುಗಿ ಎದುರಿಗೆ ಬಂದು ಕೂರುತ್ತಿದ್ದಳು. ನನಗೆ ಬಾರದ ಹಾಡುಗಳು ಆಕೆಗೆ ಬಂದವು. ಆದರೆ ಆಯಿಯದೊಂದು ಕಟ್ಟಳೆಯಿತ್ತು. ಹಾಡು ಎತ್ತಿದವಳು ಮೊದಲ ನುಡಿಯಲ್ಲಿ ತನ್ನ ತವರನ್ನು ನೆನೆಯಬೇಕು. ಕೂಡಿದವರು ಆ ನುಡಿಯ ಕೊನೆಯ ಸಾಲನ್ನು ತಿರುಗಿ ಹಾಡಿ ಸೊಲ್ಲು ಹಿಡಿಯಬೇಕು. ಆಮೇಲೆಯೇ ಮುಂದಿನ ಮಾತು.

"ನನಗ ತವರ ಇಲ್ಲ, ಆಯಿ."

"ತವರಿಲ್ಲದಾಕಿ ಯಾರದಾಳ? ನಿಮ್ಮವ್ವ ನಿನ್ನ ಮುಗಲಿಂದ ಇಳಿಸ್ಯಾಳೇನು?"

ಆಕೆ ನಗುತ್ತಿದ್ದಳು. ಆದರೆ ಎಷ್ಟೋ ಚಳಿಗಾಲ ಬರೀ ಸೊಲ್ಲು ಹಿಡಿದಳೇ ಹೊರತು ಆಯಿಯೆದುರು ಒಮ್ಮೆಯೂ ಹಾಡು ಎತ್ತಲಿಲ್ಲ.

ಮುಂದೆ ನಾವಿಬ್ಬರೂ ಬಾಗಲಕೋಟೆಯಲ್ಲಿ ಹಾಸ್ಟೆಲಿನಲ್ಲಿದ್ದು ಒಂದೇ ಕಾಲೇಜಿನಲ್ಲಿ ಬಿ.ಎ. ಓದುವಾಗ ಟೀವಿಯವರು ಕಾಲೇಜುಗಳಿಗೆ ಜನಪದ ಹಾಡಿನ ಸ್ಪರ್ಧೆ ಇಟ್ಟರು. ನಮ್ಮ ತಂಡದಲ್ಲಿ ಹಾಡು ಎತ್ತುವವಳು ಆಕೆ. ನಾನು ಹಿಂದಿನ ಸಾಲಿನಲ್ಲಿ, ನನಗೆ ಸರಿಯಾದ ಜಾಗದಲ್ಲಿ. ತಾಲೀಮಿನ ಮೊದಲ ದಿನ ಆಕೆ ತಾನೇ ಕಟ್ಟಿದ ನುಡಿ ಹಾಡಿದಳು:

ಹಿಮದಾಚೆ ಅವ್ವನ ತವರ ನಾ ಕಂಡಿಲ್ಲ
ಮುಂಡಗೋಡ ನನ್ನ ತವರವ್ವ, ಇಳಕಲ್ಲ
ಸೊಲ್ಲು ಕೊಟ್ಟಾಕೀನ ನೆನದೇನ

"ಆಯಿ ಟೀವ್ಯಾಗ ಕೇಳ್ಲಿ. ಅಲ್ಲೀಮಟ ಹೇಳಬ್ಯಾಡ," ಎಂದು ನನ್ನ ಕೈ ಒತ್ತಿದಳು.

ಕಲಿಸುತ್ತಿದ್ದ ಮೇಷ್ಟ್ರಿಗೆ ಚಿಂತೆ ಹತ್ತಿತು. "ಛಲೋ ಐತಿ. ಆದ್ರ ಇದು ನಮ್ಮ ನಾಡಿನ ಸ್ಪರ್ಧಾ. ಹಿಮಾ ಗಿಮಾ ಅಂದ್ರ ಹೊರಗಿನಾಕಿ ಅಂತಾರ. ಇಳಕಲ್ಲ ನನ್ನ ತವರು ಅಂದುಬಿಡು. ಉಡೋದೂ ಇಳಕಲ್ ಸೀರಿ. ಯಾರಿಗೆ ಗೊತ್ತಾಗ್ತೈತಿ?"

"ಮಾರಿ ನೋಡಿದ್ರ ಗೊತ್ತಾಗ್ತೈತಲ್ರಿ, ಸರ್."

ನಾವು ನಕ್ಕೆವು. ಅವರು ನಗಲಿಲ್ಲ. "ಹಂಗಾದ್ರ ಬ್ಯಾರೇದಾಕೀನ ಮುಂದ ನಿಲ್ಲಸ್ತೇನಿ."

"ನಿಲ್ಲಸ್ರಿ, ಸರ್. ನಾ ಹಿಂದ ಸೊಲ್ಲ ಹಿಡಿತೇನಿ. ಆದ್ರ ಇಳಕಲ್ಲು ಆಯಿಗೇ ತವರಲ್ರಿ, ಆಕಿದು ಹುನಗುಂದ. ನನಗ ಹ್ಯಾಂಗ ಆಗ್ತೈತಿ?"

ದನಿ ಏರಿಸದೆ ಹೇಳಿದಳು. ಅಷ್ಟು ದಿನದ ಆಸೆಯನ್ನು ಅಷ್ಟು ಸಲೀಸಾಗಿ ಪಕ್ಕಕ್ಕಿಟ್ಟವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮರುದಿನ ಮೇಷ್ಟ್ರು, "ನಿನ್ನ ನುಡೀನ ಹಾಡವಾ," ಎಂದರು.

ಬಾದಾಮಿಯ ಕೆರೆಯ ಮೆಟ್ಟಿಲ ಮೇಲೆ ಕ್ಯಾಮೆರಾ ಇಟ್ಟಿದ್ದರು. ತಾಯಿ ವ್ಯಾಪಾರ ಬಿಟ್ಟು ಬಂದು ದೂರ ನಿಂತಿದ್ದಳು. ಮಗಳು ಅವ್ವ ಎಂದಾಗ ಸೆರಗಿಲ್ಲದ ಆಕೆ ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡಳು. ನಮಗೆ ಎರಡನೆಯ ಬಹುಮಾನ ಬಂತು.

ಅದು ಪ್ರಸಾರವಾದ ಸಂಜೆ, ಓಣಿಯಲ್ಲಿ ಟೀವಿ ಇದ್ದ ಒಂದೇ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಆಯಿಯನ್ನು ಮುಂದೆ ಕೂರಿಸಿದ್ದೆವು. "ಟಿಬೆಟ್ಟಿನಿಂದ ಬಂದ ಈ ಯುವತಿ ಎಷ್ಟು ಸೊಗಸಾಗಿ ಕನ್ನಡ ಕಲಿತಿದ್ದಾರೆ ನೋಡಿ," ಎಂದಳು ಪರದೆಯ ಮೇಲಿನ ನಿರೂಪಕಿ.

"ಎಲ್ಲಿಂದ ಬಂದಾಳಂತ?" ಆಯಿ ತಿರುಗಿದಳು. "ಮುಂಡಗೋಡದಿಂದ ಬಂದಾಳ, ಹುಬ್ಬಳ್ಯಾಗ ಬಸ್ ಬದಲಿ ಮಾಡಿ!"

ನಗು ನಿಲ್ಲುವಷ್ಟರಲ್ಲಿ ಹಾಡು ಶುರುವಾಯಿತು, ಎರಡನೆಯ ನುಡಿಯಿಂದ. ಹೊತ್ತು ಸಾಲಲಿಲ್ಲವೋ, ಬೇರೆ ಕಾರಣವೋ, ನಮಗೆ ಯಾರೂ ಹೇಳಲಿಲ್ಲ. ಹುಡುಗಿ ತಲೆ ತಗ್ಗಿಸಿದಳು.

"ತವರೆಲ್ಲಿ ಹೋತು?" ಎಂದಳು ಆಯಿ.

"ಹಾಡಿದ್ಲು, ಆಯಿ. ಅವರು ತಗದಾರ," ಎಂದೆ.

"ತವರಿಲ್ಲದ ಹಾಡು ಕೇಳ್ಕೋತ ಕೂಡ್ಲೇನು? ಆ ಪೆಟಗಿ ಬಾಯಿ ಮುಚ್ಚಸ್ರಿ. ಏ ಯವ್ವಾ, ನೀ ಎತ್ತು."

ಮನೆಯವರು ಟೀವಿಯ ದನಿ ನಿಲ್ಲಿಸಿದರು. ಪರದೆಯ ಮೇಲೆ ಆಕೆಯ ತುಟಿ ಸದ್ದಿಲ್ಲದೆ ಆಡುತ್ತಿತ್ತು. ಇಲ್ಲಿ, ತಾಯಿಯ ಪಕ್ಕ ಕೂತು ಆಕೆ ಹಿಮದಾಚೆಯ ತವರಿನಿಂದ ಹಾಡು ಎತ್ತಿದಳು. ಕೊನೆಯ ಸಾಲಿಗೆ ಓಣಿಯ ಹೆಂಗಸರೆಲ್ಲ ಸೊಲ್ಲು ಹಿಡಿದರು. ಆ ಸಾಲಿನಲ್ಲಿ ನೆನೆದದ್ದು ತನ್ನನ್ನೇ ಎಂಬುದು ಆಯಿಗೆ ಹೊಳೆಯಿತೋ ಇಲ್ಲವೋ, ಎಲ್ಲರಿಗಿಂತ ದೊಡ್ಡ ದನಿ ಆಕೆಯದೇ ಆಗಿತ್ತು.