ರಾಯಭಾರಿಯ ಕತ್ತರಿ

ನಮ್ಮ ಹೊಲಿಗೆ ಅಂಗಡಿಯ ಕಟಿಂಗ್ ಮಾಸ್ಟರಿಗೆ ನಾವಿಟ್ಟ ಹೆಸರು ರಾಯಭಾರಿ. ಸಂಬಳ ಕೊಡುವವರು ಇಲ್ಲಿನ ಯಜಮಾನರಾದರೂ ಅವರ ಸೇವೆಯೆಲ್ಲ ಪಾನನಿಷೇಧವಿರುವ ತಮ್ಮ ರಾಜ್ಯಕ್ಕೆ. "ಸಂಜೆಯಾದ್ರೆ ನಿಮ್ಮೋರ ಕಾಲು ತಾನಾಗೇ ಬಾರ್ ಕಡೆ ತಿರುಗುತ್ತೆ. ನಮ್ಮ ಕಡೆ ಮದ್ದಿಗೆ ಬೇಕಂದ್ರೂ ಒಂದು ಹನಿ ಸಿಗಲ್ಲ" ಎನ್ನುವಾಗ ಕತ್ತರಿ ಗಾಳಿಯಲ್ಲಿರುತ್ತದೆ, ಗಿರಾಕಿಯ ಪ್ಯಾಂಟು ದೇವರ ಕೈಯಲ್ಲಿ. "ನಿಮ್ಮೋರು ಗಡಿ ದಾಟಿ ಬಂದು ಇಲ್ಲೇ ಕುಡೀತಾರಂತಲ್ಲ ಮಾಸ್ಟ್ರೇ?" ಎಂದು ಕೆಣಕಿದರೆ, "ಅವರು ನೆಂಟರ ಮನೆಗೆ ಬರೋದು ಕಣ್ರೀ" ಎಂದು ಗಡಿಯುದ್ದಕ್ಕೂ ಸಂಬಂಧ ಕುದುರಿಸಿಬಿಡುತ್ತಾರೆ. ಅವರ ರಾಜ್ಯದಲ್ಲಿ ಕಳ್ಳರಿಲ್ಲ, ಜಗಳವಿಲ್ಲ, ಸೊಳ್ಳೆ ಕೂಡ ಅಪ್ಪಣೆ ಕೇಳಿಯೇ ಕಚ್ಚುವುದು. ಮೊನ್ನೆ ಅಂಗಡಿಯ ಟೀವಿಯಲ್ಲಿ ಸುದ್ದಿ ಬಂತು: ಅಲ್ಲಿಯ ಪಾನನಿಷೇಧ ರದ್ದಾಗಿದೆ, ಇದೇ ಸಂಜೆಯಿಂದ ಹೆಂಡದಂಗಡಿಗಳು ತೆರೆಯುತ್ತವೆ. ಇಂಥ ಹಬ್ಬ ಮತ್ತೆ ಸಿಕ್ಕೀತೇ? ನಾವೆಲ್ಲ ಹೊಲಿಗೆ ಯಂತ್ರ ನಿಲ್ಲಿಸಿ, ರಾಯಭಾರಿಯ ಹೇಳಿಕೆಗಾಗಿ ಬಾಯಿ ಬಿಟ್ಟುಕೊಂಡು ಕಾದೆವು. ಅವರು ಕತ್ತರಿ ಕೆಳಗಿಟ್ಟು, ನಮ್ಮತ್ತ ನೋಡದೆ ತಮ್ಮ ಊರಿನ ಮನೆಗೆ ಫೋನು ಹಚ್ಚಿದರು. "ಅಮ್ಮಾ, ಅಪ್ಪ ಆಗಲೇ ಹೊರಗೆ ಹೋದ್ರಾ? ಹಾಗಾದ್ರೆ ನೀನು ಈಗಲೇ ಅಕ್ಕನ ಮನೆಗೆ ಹೊರಟುಬಿಡು."